ಲಕ್ವ ಹೊಡೆದ ಕೈಗೆ ಒಗ್ಗುವ ಸಾಧನ ಬೇಕು



ಲಕ್ವ ಹೊಡೆದವರ ಕೈವ್ಯಾಯಾಮಕ್ಕೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2022ರಲ್ಲೇ ಬೆರಳುಗಳ ಚಲನೆಯನ್ನು ಬೆಳಕಿನಿಂದ ಗ್ರಹಿಸುವ ಕೈಗವಸು ರೂಪಿಸಿದ್ದಾರೆ. ದೂರದಿಂದಲೇ ವೈದ್ಯರು ಗಮನಿಸಬಹುದಾದ ಇಂಥ ಸಾಧನ ಲಿಂಗಸುಗೂರು, ಮಸ್ಕಿ, ಸಿಂಧನೂರು ಭಾಗದ ಹಳ್ಳಿಗಳಿಗೆ ನಿಜಕ್ಕೂ ಬೇಕು. ಫಿಜಿಯೋಥೆರಪಿಗೆಂದು ಪದೇ ಪದೇ ರಾಯಚೂರಿಗೆ ಹೋಗುವುದು ಕೂಲಿಕಾರರ ಮನೆಗೆ ಆಗದ ಮಾತು. ಆದರೆ ಬಿಗಿದು ಮುಷ್ಟಿಗಟ್ಟಿದ ಕೈಗೆ ಗವಸು ತೊಡಿಸುವುದೇ ಕಷ್ಟ. ಮನೆಮಂದಿ ಹೊಲಕ್ಕೆ ಹೋದ ಮೇಲೆ ರೋಗಿಯೇ ಒಂದು ಕೈಯಲ್ಲಿ ಹಾಕಿ ತೆಗೆಯುವಂತಿರಬೇಕು, ನಮ್ಮ ಬೇಸಿಗೆಯ ಬೆವರು ತಾಳಬೇಕು, ಸೂಚನೆಗಳು ಕನ್ನಡದಲ್ಲಿ ಕೇಳಿಸಬೇಕು. ಆರೋಗ್ಯ ಇಲಾಖೆ ಇಂಥ ಸಾಧನಗಳನ್ನು ಹಳ್ಳಿಯ ರೋಗಿಗಳ ಮನೆಯಲ್ಲೇ ಪರೀಕ್ಷಿಸಿ, ತಾಲ್ಲೂಕು ಆಸ್ಪತ್ರೆಗಳ ಮೂಲಕ ಕೆಲವು ತಿಂಗಳ ಮಟ್ಟಿಗೆ ಉಚಿತವಾಗಿ ಎರವಲು ಕೊಡುವ ವ್ಯವಸ್ಥೆ ಮಾಡಲಿ.

— ಒಬ್ಬ ಓದುಗ, ಲಿಂಗಸುಗೂರು