ಸಮುದ್ರತೀರದ ಅರಮನೆಯೂ ಅತಿಥಿಯ ಧರ್ಮವೂ

ಮುಂಬಯಿಯ ಅಪೋಲೋ ಬಂದರಿನಲ್ಲಿ, ಗೇಟ್‌ವೇ ಆಫ್ ಇಂಡಿಯಾ ಎಂಬ ಮಹಾದ್ವಾರದ ಸಮೀಪದಲ್ಲಿ, ಸಮುದ್ರಕ್ಕೆ ಮುಖಮಾಡಿ ನಿಂತಿರುವ ತಾಜಮಹಲ್ ಹೊಟೇಲನ್ನು ಹೊರಗಿನಿಂದಲಾದರೂ ಕಾಣದೆ ಹಿಂದಿರುಗುವ ಕನ್ನಡಿಗ ಯಾತ್ರಿಕರು ವಿರಳ. ಒಂದು ಕಾಲಕ್ಕೆ ರಾಜಮಹಾರಾಜರಿಗೂ ಹಡಗಿನಿಂದಿಳಿದ ಪರದೇಶದ ಸಿರಿವಂತರಿಗೂ ಮೀಸಲೆಂಬಂತಿದ್ದ ಅಲ್ಲಿಯ ವಾಸವು ಈಗ ನಮ್ಮ ನಡುವಣ ವಕೀಲರಿಗೂ ವ್ಯಾಪಾರಿಗಳಿಗೂ ಅಧಿಕಾರಿಗಳಿಗೂ ಜನ್ಮಕ್ಕೊಮ್ಮೆಯಾದರೂ ಎಟಕುವಂತಾಗಿದೆ. ಉದ್ಯೋಗಕ್ಕೆ ಸೇರಿದ ಮಕ್ಕಳು ತಾಯಿತಂದೆಗಳನ್ನು ಕರೆದೊಯ್ದು ಅಲ್ಲಿ ಒಂದು ರಾತ್ರಿ ಇರಿಸಿದರೆಂಬ ವಾರ್ತೆಯನ್ನು ಸಣ್ಣ ಊರುಗಳಲ್ಲಿಯೂ ಕೇಳುತ್ತೇವೆ. ಒಂದು ರಾತ್ರಿಯ ನಿದ್ರೆಗಾಗಿ ಬಡಸಂಸಾರವೊಂದರ ತಿಂಗಳ ವೆಚ್ಚವನ್ನು ತೆರುವುದು ಪಾಪವೆಂದು ಕೆಲವರು ಹಳಿಯುತ್ತಾರೆ. ಬಾಳಿನ ಸಾರ್ಥಕ್ಯವೇ ಅದರಲ್ಲಿದೆಯೆಂದು ಮತ್ತೆ ಕೆಲವರು ಹಿಗ್ಗುತ್ತಾರೆ. ಈ ಎರಡು ಮಾತುಗಳನ್ನೂ ನಾವು ಒಪ್ಪಲಾರೆವು. ವಿಚಾರಿಸತಕ್ಕ ಮೂರನೆಯ ವಿಷಯವೊಂದು ಉಂಟು. ಅದನ್ನು ಯಾರೂ ಎತ್ತುವುದಿಲ್ಲ. ಇಂತಹ ಮನೆಯಲ್ಲಿ ಇಳಿದುಕೊಂಡವನ ಧರ್ಮವೇನು?

ಮೊದಲು ಆ ಮನೆ ಹುಟ್ಟಿದ ಬಗೆಯನ್ನು ನೆನೆಯೋಣ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ತಗುಲಿ, ಪಟ್ಟಣದ ಹೆಸರೇ ಪರಸ್ಥಳದವರಿಗೆ ಭೀತಿಯನ್ನುಂಟುಮಾಡುತ್ತಿದ್ದಿತು. ಇಂತಹ ದಿನಗಳಲ್ಲಿ ಜಮಶೆಟ್‌ಜಿ ಟಾಟಾ ಅವರು ತಮ್ಮ ನಗರಕ್ಕೆ ಘನತೆಯುಳ್ಳ ವಸತಿಗೃಹವೊಂದು ಬೇಕೆಂದು ಸಂಕಲ್ಪಿಸಿದರು. ೧೯೦೩ನೆಯ ಇಸವಿ ಡಿಸೆಂಬರ್ ೧೬ನೆಯ ತಾರೀಖು ಅದರ ಬಾಗಿಲು ತೆರೆಯಿತು. ಗೇಟ್‌ವೇ ಅಂದಿಗೆ ಇನ್ನೂ ಇರಲಿಲ್ಲ. ಅದಕ್ಕೆ ಅಡಿಗಲ್ಲು ಬಿದ್ದದ್ದು ೧೯೧೧ರಲ್ಲಿ, ಅದು ಪೂರ್ತಿಯಾದದ್ದು ೧೯೨೪ರಲ್ಲಿ. ಸಾಮ್ರಾಟರ ಸ್ಮಾರಕಕ್ಕಿಂತ ಎರಡು ದಶಕಗಳಷ್ಟು ಮೊದಲೇ ಭಾರತೀಯನೊಬ್ಬನ ಮನೆಯು ಆ ದಡದ ಮೇಲೆ ನಿಂತು, ಬರುವ ಹಡಗುಗಳನ್ನು ಎದುರುಗೊಳ್ಳುತ್ತಿದ್ದಿತೆಂಬುದು ನಾವು ಮರೆಯತಕ್ಕ ಸಂಗತಿಯಲ್ಲ.

ಬಿಳಿಯರ ಹೊಟೇಲೊಂದರಲ್ಲಿ ಟಾಟಾ ಅವರಿಗೆ ಪ್ರವೇಶ ನಿರಾಕರಿಸಿದ್ದೇ ಇದಕ್ಕೆ ಕಾರಣವೆಂಬ ಕಥೆ ಜನಜನಿತವಾಗಿದೆ. ಅದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಹೇಳುವವರೂ ಇದ್ದಾರೆ. ಕಥೆ ಹೇಗಾದರೂ ಇರಲಿ, ಐರೋಪ್ಯರ ಎಷ್ಟೋ ಕ್ಲಬ್ಬುಗಳ ಹೊಸ್ತಿಲು ಭಾರತೀಯನಿಗೆ ಮುಚ್ಚಿದ್ದ ಕಾಲವದು ಎಂಬುದರಲ್ಲಿ ಸಂಶಯವಿಲ್ಲ. ಅದೇ ಮಹನೀಯರ ಮತ್ತೊಂದು ಸಂಕಲ್ಪವೇ ೧೯೦೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿಜ್ಞಾನ ಮಂದಿರ. ಮೈಸೂರು ಸಂಸ್ಥಾನವು ಅದಕ್ಕೆ ಭೂಮಿಯನ್ನಿತ್ತಿತು. ಊರಿನ ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆದರು. ೧೯೦೪ರಲ್ಲಿಯೇ ಸ್ವರ್ಗಸ್ಥರಾದ ಅವರು ಅದನ್ನು ಕಣ್ಣಾರೆ ಕಾಣಲಿಲ್ಲ. ಹೊಟೇಲೂ ವಿದ್ಯಾಮಂದಿರವೂ ಒಂದೇ ಮನಸ್ಸಿನ ಎರಡು ಕೊಂಬೆಗಳು. ತನ್ನ ದೇಶದವನು ಯಾರ ಮುಂದೆಯೂ ತಲೆತಗ್ಗಿಸಿ ನಿಲ್ಲಬಾರದೆಂಬುದೇ ಅವುಗಳ ಬೇರು.

ಹೀಗಿರುವಾಗ ವೈಭವವನ್ನು ವೈಭವವೆಂಬ ಕಾರಣದಿಂದಲೇ ಹಳಿಯುವುದು ಅವಿಚಾರ. ಗಾಂಧೀಜಿಯವರು ೧೯೧೭ರಿಂದ ೧೯೩೪ರ ವರೆಗೆ ಮುಂಬಯಿಗೆ ಬಂದಾಗಲೆಲ್ಲ ಗಾಮದೇವಿಯ ಮಣಿಭವನದಲ್ಲಿ ಇಳಿದುಕೊಳ್ಳುತ್ತಿದ್ದರು. ಅವರ ಅನುಯಾಯಿಗಳಾದ ಸರೋಜಿನಿ ನಾಯಿಡು ಅವರು ಬಿಡಾರ ಮಾಡುತ್ತಿದ್ದುದು ಇದೇ ತಾಜಮಹಲಿನಲ್ಲಿ. ಒಬ್ಬರದು ಚಾಪೆ, ಇನ್ನೊಬ್ಬರದು ಪಲ್ಲಂಗ. ಸೆರೆಮನೆಯ ಕರೆ ಬಂದಾಗ ಇಬ್ಬರೂ ಎದ್ದು ನಡೆದರು. ಮನುಷ್ಯನ ಯೋಗ್ಯತೆಯನ್ನು ಅವನು ಮಲಗಿದ ಹಾಸಿಗೆಯಿಂದ ಅಳೆಯಲಾಗದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ಪ್ರಾಮಾಣಿಕವಾಗಿ ಗಳಿಸಿದ ಹಣವನ್ನು, ಸಾಲಮಾಡದೆ, ಯಾರ ಪಾಲನ್ನೂ ಕಸಿಯದೆ, ಗೃಹಸ್ಥನು ಹೆಂಡತಿಮಕ್ಕಳ ಸಂತೋಷಕ್ಕಾಗಿ ಒಂದು ದಿನ ವೆಚ್ಚಮಾಡಿದರೆ ನಾವೇಕೆ ಹುಬ್ಬುಗಂಟಿಕ್ಕಬೇಕು? ಅಂದು ಬಣ್ಣವು ಬಾಗಿಲಿಗೆ ಅಡ್ಡವಾಗಿದ್ದರೆ ಇಂದು ಬೆಲೆಯು ಅಡ್ಡವಾಗಿದೆ ಎಂಬುದು ನಿಜವೇ. ಆದರೂ ಆ ಮನೆಯ ಮುಂದಿನ ಕಡಲಂಚಿನ ಮೇಲೆ ಚುರುಮುರಿ ಮೆಲ್ಲುತ್ತ ಕುಳಿತ ಕೂಲಿಕಾರನಿಗೂ ಒಳಗಿನ ಕಿಟಕಿಯಲ್ಲಿ ನಿಂತವನಿಗೂ ಕಾಣುವ ಸಮುದ್ರ ಒಂದೇ. ಆ ದಂಡೆ ಎಲ್ಲರ ಸೊತ್ತಾಗಿ ಉಳಿದಿರುವವರೆಗೆ ಒಳಗಿನವನ ಸುಖದ ಮೇಲೆ ನಮಗೆ ಅಸೂಯೆಯಿಲ್ಲ.

ನಮ್ಮ ಆಕ್ಷೇಪಣೆ ಇರುವುದು ಬೇರೊಂದು ಕಡೆ. ಇಂತಹ ಗೃಹಗಳ ಭೋಜನಶಾಲೆಯಲ್ಲಿ ನಾವು ಕಂಡ ನೋಟವೊಂದುಂಟು. ಬಾಗಿಲಲ್ಲಿ ಪೇಟ ಸುತ್ತಿ ನಿಂತ ದ್ವಾರಪಾಲಕನನ್ನು ಕಂಡು ಅಳುಕುವ ನಮ್ಮವನೇ, ಒಳಹೊಕ್ಕು ಕುಳಿತ ಅರ್ಧ ಗಂಟೆಯಲ್ಲಿ ಕಾಫಿ ಆರಿತೆಂದು ಬಡಿಸುವ ಹುಡುಗನ ಮೇಲೆ ಹರಿಹಾಯುತ್ತಾನೆ. ಹಣ ಕೊಟ್ಟಿದ್ದೇನೆಂಬ ಒಂದು ಮಾತು ಅವನಿಗೆ ಸಕಲ ಒರಟುತನಕ್ಕೂ ಪರವಾನಗಿಯಾಗುತ್ತದೆ. ಇನ್ನೂ ವಿಪರೀತವೆಂದರೆ, ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಉಪನಿಷತ್ತಿನ ಬೋಧೆಯನ್ನು ಅವನು ಆ ಹುಡುಗನಿಗೆ ನೆನಪುಮಾಡಿಕೊಡುತ್ತಾನೆ! ತೈತ್ತಿರೀಯದಲ್ಲಿ ಆ ಬೋಧೆ ಬರುವ ಸಂದರ್ಭವನ್ನು ಪಾಠಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲರು. ವಿದ್ಯಾಭ್ಯಾಸ ಮುಗಿಸಿ ಗುರುಕುಲದಿಂದ ಹೊರಡುವ ಶಿಷ್ಯನಿಗೆ ಆಚಾರ್ಯನು ಹೇಳುವ ಬುದ್ಧಿಮಾತು ಅದು. ಮುಂದೆ ಮನೆ ಕಟ್ಟಿಕೊಂಡು ಇತರರನ್ನು ಬರಮಾಡಿಕೊಳ್ಳಬೇಕಾದವನಿಗೆ ವಿಧಿಸಿದ ಕರ್ತವ್ಯವೇ ಹೊರತು, ಉಂಡೆದ್ದು ಹೋಗುವವನು ತನ್ನ ಹಕ್ಕೆಂದು ಮುಂದೊಡ್ಡುವ ಪತ್ರವಲ್ಲ. ದೇವರೆನ್ನಿಸಿಕೊಳ್ಳಬೇಕೆಂದು ತಾನೇ ಕೇಳುವ ಅತಿಥಿ ಎಂತಹ ದೇವರು?

ಬಡಿಸುವವನ ಬೆಲೆ ಏನೆಂಬುದನ್ನು ದೇಶವು ಒಮ್ಮೆ ಕಣ್ಣಾರೆ ಕಂಡಿದೆ. ೨೦೦೮ನೆಯ ನವೆಂಬರ್ ೨೬ರ ರಾತ್ರಿ ಕೊಲೆಗಡುಕರು ಮುಂಬಯಿಯ ಹಲವೆಡೆ ನುಗ್ಗಿ ೧೬೬ ಜನರನ್ನು ಕೊಂದರು. ತಾಜಮಹಲಿನಲ್ಲಿ ಸುಮಾರು ಅರವತ್ತು ಗಂಟೆಗಳ ಕಾಲ ಗುಂಡು ಮತ್ತು ಬೆಂಕಿಗಳದೇ ರಾಜ್ಯ. ಅಲ್ಲಿಯೇ ಮೂವತ್ತಕ್ಕೆ ಮೇಲ್ಪಟ್ಟು ಜನ ಮಡಿದರು. ಹಿತ್ತಲ ಬಾಗಿಲಿನ ದಾರಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅಡಿಗೆಯವರೂ ಬಡಿಸುವವರೂ. ಆ ದಾರಿಯನ್ನು ಅವರು ಅತಿಥಿಗಳಿಗೆ ಬಿಟ್ಟುಕೊಟ್ಟು ತಾವು ಹಿಂದೆ ನಿಂತರು. ಗುಂಡಿಗೂ ಅತಿಥಿಗೂ ನಡುವೆ ಮೈಯೊಡ್ಡಿ ಕೆಲವರು ಅಡಿಗೆಯ ಮನೆಯ ಬಳಿಯಲ್ಲಿಯೇ ಬಿದ್ದರು. ವ್ಯವಸ್ಥಾಪಕರಾದ ಕರಂಬೀರ ಸಿಂಗ್ ಕಾಂಗ್ ಅವರ ಪತ್ನಿಯೂ ಇಬ್ಬರು ಮಕ್ಕಳೂ ಆರನೆಯ ಅಂತಸ್ತಿನಲ್ಲಿ ಅಸುನೀಗಿದರು. ಅವರು ತಮ್ಮ ಕೆಲಸವನ್ನು ಬಿಟ್ಟು ಕದಲಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ತರುಣ ಮೇಜರ್ ಸಂದೀಪ ಉನ್ನಿಕೃಷ್ಣನ್ ಅವರು ಗಾಯಗೊಂಡ ತಮ್ಮ ಸಂಗಡಿಗನನ್ನು ಹೊರಕ್ಕೆ ಕಳುಹಿಸಿ, ಶತ್ರುವನ್ನು ಬೆನ್ನಟ್ಟುತ್ತ ೩೧ನೆಯ ವಯಸ್ಸಿನಲ್ಲಿ ಇದೇ ಮನೆಯೊಳಗೆ ಪ್ರಾಣವಿತ್ತರು. ಮರುವರ್ಷ ಅವರಿಗೆ ಅಶೋಕಚಕ್ರ ಸಂದಿತು. ಸುಟ್ಟುಹೋದ ಹಳೆಯ ಭಾಗವನ್ನು ಮತ್ತೆ ಕಟ್ಟಿ ೨೦೧೦ನೆಯ ಆಗಸ್ಟ್ ೧೫ರಂದು ಬಾಗಿಲು ತೆರೆದರು.

ಆ ರಾತ್ರಿ ಯಾವ ದರಪಟ್ಟಿಯಲ್ಲಿಯೂ ಇಲ್ಲದ ಸೇವೆಯನ್ನು ಅವರು ಮಾಡಿದರು. ಕೋಣೆಗೆ ಬಾಡಿಗೆಯುಂಟು, ಊಟಕ್ಕೆ ಬೆಲೆಯುಂಟು. ಪ್ರಾಣಕ್ಕೆ ಪ್ರಾಣವನ್ನೊಡ್ಡುವುದಕ್ಕೆ ಬೆಲೆ ಬರೆಯುವವರಾರು? ಹಣ ಕೊಟ್ಟಿದ್ದೇನೆಂದು ಗುಡುಗುವವರು ಇದಕ್ಕೆ ಉತ್ತರ ಹೇಳಲಿ.

ಇವರು ಎಲ್ಲಿಯವರು? ೨೦೧೧ರಲ್ಲಿ ಹಾರ್ವರ್ಡ್ ವಿದ್ಯಾಪೀಠದ ವ್ಯಾಪಾರಪತ್ರಿಕೆಯಲ್ಲಿ ಬಂದ ಲೇಖನವೊಂದು ಇದನ್ನು ವಿಚಾರಿಸಿದೆ. ತಾಜ್ ಸಂಸ್ಥೆಯವರು ತಮ್ಮ ಕೆಲಸಗಾರರನ್ನು ಮಹಾನಗರಗಳಿಗಿಂತ ಹೆಚ್ಚಾಗಿ ಸಣ್ಣ ಊರುಗಳಿಂದ ಆರಿಸುತ್ತಿದ್ದರೆಂದೂ, ಹಿರಿಯರಲ್ಲಿ ಗೌರವ, ಮುಖದಲ್ಲಿ ಪ್ರಸನ್ನತೆ, ಮನೆಯಲ್ಲಿ ಸಂಪಾದನೆಯ ಅಗತ್ಯ, ಈ ಮೂರನ್ನು ನೋಡುತ್ತಿದ್ದರೆಂದೂ ಅದು ಹೇಳುತ್ತದೆ. ಎಂದರೆ, ಅರಮನೆಯ ಮರ್ಯಾದೆಯನ್ನು ಕಾದವರು ನಮ್ಮ ನಿಮ್ಮಂತಹ ಊರುಗಳ, ನಮ್ಮ ನಿಮ್ಮಂತಹ ಮನೆಗಳ ಮಕ್ಕಳೇ.

ಕನ್ನಡಿಗರಾದ ನಮಗಂತೂ ಇದು ಹೊಸ ಮಾತಾಗಬಾರದು. ಮುಂಬಯಿಗೆ ಅನ್ನವಿಕ್ಕಿದವರಲ್ಲಿ ನಮ್ಮ ಕರಾವಳಿಯವರದು ದೊಡ್ಡ ಪಾಲು. ಮಾಟುಂಗದಲ್ಲಿ ೧೯೪೨ರಲ್ಲಿ ರಾಮ ನಾಯಕರು ತೆರೆದ ಉಡುಪಿ ಊಟದ ಮನೆಯಂತಹವು ಆ ನಗರದ ದುಡಿಯುವ ಜನಕ್ಕೆ ಬಾಳೆಯೆಲೆಯ ಮೇಲೆ ಶುಚಿಯಾದ ಊಟವನ್ನು ಕೊಟ್ಟವು. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಹೊರಟ ಹುಡುಗರು ಹಗಲು ಹೊಟೇಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡಿಗರ ಸಂಘಗಳು ನಡೆಸುತ್ತಿದ್ದ ಶಾಲೆಗಳಲ್ಲಿ ಓದಿ, ಗುಮಾಸ್ತರೂ ವಕೀಲರೂ ಮಾಲಿಕರೂ ಆದರು. ಅವರ ಮೊಮ್ಮಕ್ಕಳು ಇಂದು ಸಮುದ್ರತೀರದ ಅರಮನೆಯಲ್ಲಿ ಅತಿಥಿಗಳಾಗಿ ಕುಳಿತುಕೊಳ್ಳುತ್ತಾರೆ. ತನ್ನ ಅಜ್ಜನು ಹೊತ್ತ ತಟ್ಟೆಯನ್ನು ಇಂದು ಹೊತ್ತು ಬಂದವನನ್ನು ಏಕವಚನದಲ್ಲಿ ಕೂಗುವುದು ಅಜ್ಜನನ್ನೇ ಕೂಗಿದಂತಲ್ಲವೇ?

ಆದ್ದರಿಂದ ಇಂತಹ ಕಡೆ ತಂಗಲು ಹೋಗುವವರಿಗೆ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲನೆಯದಾಗಿ, ಲೆಕ್ಕವನ್ನು ಹೊರಡುವ ಮುಂಚೆ ಮನೆಯಲ್ಲಿಯೇ ಮಾಡಿರಿ. ದಿನಕ್ಕೆ ೭,೫೦೦ ರೂಪಾಯಿಗೆ ಮೇಲ್ಪಟ್ಟ ಕೋಣೆಗೆ ಶೇಕಡಾ ೧೮ರಷ್ಟು ತೆರಿಗೆಯುಂಟು. ಅದನ್ನು ವಿಧಿಸಿದವನು ಬಿಲ್ಲು ತಂದ ಹುಡುಗನಲ್ಲ. ಅವನ ಮುಂದೆ ಸರಕಾರವನ್ನು ಬಯ್ದು ಫಲವಿಲ್ಲ.

ಎರಡನೆಯದಾಗಿ, ನಿಮ್ಮ ನ್ಯಾಯವಾದ ಹಕ್ಕನ್ನು ಬಿಡಬೇಡಿರಿ. ಸೇವಾಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು ಗ್ರಾಹಕರ ಸಂರಕ್ಷಣೆಯ ಕೇಂದ್ರ ಪ್ರಾಧಿಕಾರವು ೨೦೨೨ನೆಯ ಜುಲೈನಲ್ಲಿ ವಿಧಿಸಿತು. ದಿಲ್ಲಿಯ ಉಚ್ಚ ನ್ಯಾಯಾಲಯವು ೨೦೨೫ನೆಯ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಿಸಿರಿ; ದೂರಿದ್ದರೆ ಮೇಲ್ವಿಚಾರಕರನ್ನು ಕರೆಯಿಸಿ ಮೆಲ್ಲನೆ ಹೇಳಿರಿ. ಆದರೆ ಹಾಗೆ ಉಳಿದ ಹಣದಲ್ಲಿ ಒಂದಂಶವನ್ನು ನಿಮ್ಮ ಕೋಣೆಯನ್ನು ಗುಡಿಸಿದವರ ಕೈಗೆ ನೀವೇ ಕೊಟ್ಟು ಹೊರಡಿರಿ. ಕಾನೂನು ಬಲಾತ್ಕಾರವನ್ನು ನಿಷೇಧಿಸಿತೇ ವಿನಾ ಔದಾರ್ಯವನ್ನಲ್ಲ.

ಮೂರನೆಯದಾಗಿ, ಬೆಳಗಿನ ಉಪಾಹಾರಕ್ಕೆ ಬೇಕಾದಷ್ಟು ಬಡಿಸಿಕೊಳ್ಳಬಹುದೆಂಬ ಕಾರಣಕ್ಕೆ ತಟ್ಟೆಯನ್ನು ಗುಡ್ಡಮಾಡಿ ಅರ್ಧ ಚೆಲ್ಲಬೇಡಿರಿ. ಎಲೆಯಲ್ಲಿ ಅಗುಳು ಬಿಡಬಾರದೆಂದು ತಾಯಿ ಕಲಿಸಿದ್ದು ಮನೆಯ ಊಟಕ್ಕೆ ಮಾತ್ರವೆಂದು ತಿಳಿದವರ ನಾಗರಿಕತೆ ಬಟ್ಟೆಯ ಮಟ್ಟಿನದು.

ನಾಲ್ಕನೆಯದು ಅಧಿಕಾರದಲ್ಲಿರುವ ನಮ್ಮ ವಾಚಕರಿಗೆ. ಕೋಣೆಯ ಹಣವನ್ನು ಕೊಡುವವರು ಯಾರು? ಕೇಂದ್ರ ಸರಕಾರದ ನೌಕರರ ೧೯೬೪ನೆಯ ಇಸವಿಯ ನಡತೆಯ ನಿಯಮಗಳಲ್ಲಿ ಹದಿಮೂರನೆಯದು, ಪುಕ್ಕಟೆಯಾದ ಪ್ರಯಾಣ, ಊಟ, ವಸತಿಗಳನ್ನೂ ಕಾಣಿಕೆಯೆಂದೇ ಎಣಿಸುತ್ತದೆ. ಹತ್ತಿರದ ಬಂಧುಗಳೂ ಕಚೇರಿಯ ವ್ಯವಹಾರವಿಲ್ಲದ ಆಪ್ತಮಿತ್ರರೂ ಮಾತ್ರ ಇದಕ್ಕೆ ಹೊರತು. ಕಚೇರಿಯಲ್ಲಿ ಕೆಲಸವಿಟ್ಟುಕೊಂಡ ವ್ಯಾಪಾರಸಂಸ್ಥೆಗಳ ಅದ್ದೂರಿಯ ಆತಿಥ್ಯದಿಂದ ದೂರವಿರಬೇಕೆಂದೂ ಅದು ಎಚ್ಚರಿಸುತ್ತದೆ. ಲಕೋಟೆಯನ್ನು ಮುಟ್ಟಲು ಹೇಸುವ ಸಜ್ಜನರೂ ಸಮುದ್ರ ಕಾಣುವ ಕೋಣೆಯ ಬೀಗದ ಕೈಯನ್ನು ಸಂಕೋಚವಿಲ್ಲದೆ ಸ್ವೀಕರಿಸುವುದುಂಟು. ಗುತ್ತಿಗೆದಾರನು ತೆತ್ತ ಮಂಚದ ಮೇಲೆ ಮಲಗಿದವನು ಮರುದಿನ ಅವನ ಕಾಗದದ ಮೇಲೆ ನೆಟ್ಟಗೆ ಬರೆಯಲಾರನು. ನಿಮ್ಮ ಹಣದಲ್ಲಿ ಹೋಗುವಷ್ಟು ಅನುಕೂಲವಿದ್ದಾಗ ಹೋಗಿರಿ. ಇಲ್ಲದಿದ್ದರೆ ಕಡಲಂಚಿನಲ್ಲಿ ಕುಳಿತು ಬನ್ನಿರಿ. ಅಲ್ಲಿಯ ಗಾಳಿಗೆ ಬಾಡಿಗೆಯಿಲ್ಲ, ಋಣವೂ ಇಲ್ಲ.

ಗೇಟ್‌ವೇಯ ಕಮಾನಿನ ಕೆಳಗಿನಿಂದ ೧೯೪೮ನೆಯ ಫೆಬ್ರವರಿ ೨೮ರಂದು ಬ್ರಿಟಿಷರ ಕೊನೆಯ ಪಡೆ ಹಡಗು ಹತ್ತಲು ಹೊರಟಿತು. ದೊರೆಗಳು ಹೋದರು, ದೊರೆತನದ ದರ್ಪ ಹೋಯಿತೆಂದು ಎದೆಮುಟ್ಟಿ ಹೇಳಬಲ್ಲೆವೇ? ಆಳನ್ನು ಆಳೆಂದು ಕೂಗುವ ನಾಲಗೆ ಬಿಳಿಯನದಾದರೇನು, ನಮ್ಮದಾದರೇನು? ಭಾರತೀಯನು ತಲೆಯೆತ್ತಿ ಒಳಬರಲೆಂದು ಕಟ್ಟಿದ ಮನೆಯಲ್ಲಿ ಇನ್ನೊಬ್ಬ ಭಾರತೀಯನ ತಲೆಯನ್ನು ತಗ್ಗಿಸುವ ಅಧಿಕಾರವನ್ನು ಯಾವ ಬಾಡಿಗೆಯೂ ಕೊಡುವುದಿಲ್ಲ. ಊರಿನ ಚಹದಂಗಡಿಯ ಹುಡುಗನನ್ನು ಮರ್ಯಾದೆಯಿಂದ ಮಾತನಾಡಿಸಲು ಮೊದಲು ಕಲಿಯೋಣ. ಅದನ್ನು ಕಲಿತವರು ಯಾವ ಅರಮನೆಯಲ್ಲಿ ಇಳಿದುಕೊಳ್ಳುವುದಕ್ಕೂ ಯೋಗ್ಯರು.