ಹಾಸ್ಟೆಲಿನಲ್ಲಿ ಹುಟ್ಟಿದ ‘ಹನಿ’

ಬೆಲ್ಜಿಯಂ ದೇಶದ ಆಂಟ್‌ವರ್ಪ್ ವಿಶ್ವವಿದ್ಯಾಲಯ. 2000ನೇ ಇಸವಿ. ವಿದ್ಯಾರ್ಥಿಗಳಿಗೆ ಸದಾಕಾಲ ಇಂಟರ್ನೆಟ್ ಎಂಬುದು ಆಗಿನ್ನೂ ದುಬಾರಿಯ ಮಾತು. ಡ್ರೀಸ್ ಬಾಯ್ಟಾರ್ಟ್ ಎಂಬ ವಿದ್ಯಾರ್ಥಿ ಗೆಳೆಯನೊಬ್ಬನ ಜೊತೆ ಸೇರಿ ಒಂದು ಉಪಾಯ ಮಾಡಿದ. ಗೆಳೆಯನ ಬಳಿಯಿದ್ದ ಒಂದೇ ಒಂದು ಸಂಪರ್ಕವನ್ನು ತಂತಿಯಿಲ್ಲದೆ ಹಾಸ್ಟೆಲಿನಿಂದ ಹಾಸ್ಟೆಲಿಗೆ ದಾಟಿಸಿ ಎಂಟು ಮಂದಿ ಹಂಚಿಕೊಂಡರು. ಸಂಪರ್ಕವೇನೋ ಬಂತು, ಆದರೆ ರಾತ್ರಿಯ ಊಟ ಎಲ್ಲಿ, ಸಂಪರ್ಕ ಸರಿಯಾಗಿದೆಯೋ ಇಲ್ಲವೋ ಎಂಬ ಸಣ್ಣಪುಟ್ಟ ಸುದ್ದಿಯನ್ನು ಎಲ್ಲರಿಗೂ ತಿಳಿಸಲು ದಾರಿಯಿರಲಿಲ್ಲ. ಅದಕ್ಕಾಗಿ ಡ್ರೀಸ್ ಒಂದು ಪುಟ್ಟ ಸುದ್ದಿತಾಣವನ್ನು ತಾನೇ ಬರೆದ. ಗೋಡೆಗೆ ಚೀಟಿ ಅಂಟಿಸಿದಂತೆ ಅದರಲ್ಲಿ ಎಂಟು ಮಂದಿಯೂ ನಾಲ್ಕು ಸಾಲು ಬರೆದು ಹಾಕಬಹುದಿತ್ತು.

ಓದು ಮುಗಿದು ಹಾಸ್ಟೆಲ್ ಬಿಟ್ಟ ಮೇಲೂ ಗೆಳೆತನ ಉಳಿಯಲೆಂದು ಆ ತಾಣವನ್ನು ಹೊರಲೋಕಕ್ಕೆ ತೆರೆಯಲು ನಿಶ್ಚಯಿಸಿದರು. ಹೆಸರಿಗಾಗಿ ಡಚ್ ಭಾಷೆಯಲ್ಲಿ ‘ಹಳ್ಳಿ’ ಎಂಬರ್ಥದ ‘ಡಾರ್ಪ್’ ಪದವನ್ನು ಹುಡುಕುವಾಗ ಬೆರಳು ತಪ್ಪಿ ‘ಡ್ರಾಪ್’ ಎಂದಾಯಿತು. ಅದೇ ಗಟ್ಟಿಯಾಯಿತು. 2001ರ ಜನವರಿಯಲ್ಲಿ ಆ ತಾಣವನ್ನು ನಡೆಸುತ್ತಿದ್ದ ತಂತ್ರಾಂಶವನ್ನು ಡ್ರೀಸ್ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ. ಹನಿ ಎಂಬರ್ಥದ ಡಚ್ ಪದದಿಂದ ಅದಕ್ಕೆ ‘ಡ್ರೂಪಲ್’ ಎಂಬ ಹೆಸರು ಬಂತು. ಇಂಥ ತಂತ್ರಾಂಶಕ್ಕೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚುಟುಕಾಗಿ ಸಿಎಂಎಸ್ ಎನ್ನುತ್ತಾರೆ.

ಹಾಗೆಂದರೇನು? ಶಾಲೆಯ ಅಂಕಪಟ್ಟಿಯ ರಿಜಿಸ್ಟರನ್ನು ನೆನೆಸಿಕೊಳ್ಳಿ. ತರಗತಿಯ ಶಿಕ್ಷಕರು ಅಂಕಗಳನ್ನು ಅದರಲ್ಲಿ ಒಮ್ಮೆ ಬರೆಯುತ್ತಾರೆ. ಮನೆಗೆ ಕಳಿಸುವ ಪ್ರಗತಿಪತ್ರವಾಗಲಿ, ಮುಖ್ಯೋಪಾಧ್ಯಾಯರ ಮೇಜಿಗೆ ಹೋಗುವ ಫಲಿತಾಂಶದ ಪಟ್ಟಿಯಾಗಲಿ ತಯಾರಾಗುವುದು ಅದರಿಂದಲೇ. ಪ್ರಗತಿಪತ್ರದ ಬಣ್ಣ ವರ್ಷಕ್ಕೊಮ್ಮೆ ಬದಲಾಗಬಹುದು. ರಿಜಿಸ್ಟರಿನ ಅಂಕ ಬದಲಾಗದು. ಸಿಎಂಎಸ್‌ನ ಗುಟ್ಟೂ ಇಷ್ಟೇ: ವಿಷಯ ಒಂದೆಡೆ, ಅದರ ಉಡುಪು ಇನ್ನೊಂದೆಡೆ. ಇದಿಲ್ಲದೆ ಇನ್ನೂರು ಪುಟಗಳನ್ನು ಬಿಡಿಬಿಡಿಯಾಗಿ ಬರೆದಿಟ್ಟವರು ಪುಟದಡಿಯ ದೂರವಾಣಿ ಸಂಖ್ಯೆ ಬದಲಾದರೆ ಇನ್ನೂರು ಕಡೆ ತಿದ್ದಬೇಕಾಗುತ್ತದೆ.

ಇಂಥದ್ದೊಂದನ್ನು ಮನೆಯ ಕಂಪ್ಯೂಟರಿನಲ್ಲೇ ಕಟ್ಟಬಹುದು. ಬೇಕಾದ ಸಾಮಗ್ರಿ ಎರಡು, ಎರಡೂ ಉಚಿತ. ಒಂದು ಪಿಎಚ್‌ಪಿ ಎಂಬ ಭಾಷೆ. ಇದನ್ನು ರಾಸ್ಮಸ್ ಲೆರ್ಡಾರ್ಫ್ ಎಂಬುವರು ತಮ್ಮ ಸ್ವಂತ ಪುಟಕ್ಕೆಂದು ಬರೆದುಕೊಂಡು 1995ರಲ್ಲಿ ಲೋಕಕ್ಕೆ ಕೊಟ್ಟರು. ಇನ್ನೊಂದು ಎಸ್‌ಕ್ಯೂಲೈಟ್ ಎಂಬ ದತ್ತಾಂಶ ಕೋಶ. ಅದೇ ನಮ್ಮ ರಿಜಿಸ್ಟರು. ವಿಷಯವಾಗಿ ನಿಮ್ಮೂರಿನ ಮಳೆಯನ್ನೇ ಆರಿಸಿಕೊಳ್ಳಿ. ದಿನಕ್ಕೊಂದು ಸಾಲು, ಸಾಲಿಗೆ ನಾಲ್ಕು ಮನೆ: ಕ್ರಮಸಂಖ್ಯೆ, ದಿನಾಂಕ, ಮಳೆಯ ಮಿಲಿಮೀಟರು, ಒಂದು ಟಿಪ್ಪಣಿ. ಬಳಿಕ ಖಾಲಿ ಜಾಗಗಳುಳ್ಳ ಒಂದು ಪುಟದ ಅಚ್ಚು. ಯಾರಾದರೂ ಐದನೇ ಪುಟ ಕೇಳಿದರೆ ಐದನೇ ಸಾಲನ್ನು ಹುಡುಕಿ, ಅಚ್ಚಿನಲ್ಲಿ ತುಂಬಿ ಕಳಿಸುವ ಹತ್ತಿಪ್ಪತ್ತು ಸಾಲಿನ ಪಿಎಚ್‌ಪಿ ಆದೇಶ. ಕೊನೆಗೆ ಹೊಸ ಸಾಲು ಸೇರಿಸಲು ಗುಪ್ತಪದದ ಬೀಗವುಳ್ಳ ಒಂದು ಪುಟ. ಇಷ್ಟಾದರೆ ಸಿಎಂಎಸ್ ಆಯಿತು. ಇದನ್ನೆಲ್ಲ ಪರೀಕ್ಷಿಸಲು ಇಂಟರ್ನೆಟ್ ಕೂಡ ಬೇಕಿಲ್ಲ.

ಪಾಠ ಶುರುವಾಗುವುದು ಆಮೇಲೆ. ದಿನಾಂಕವನ್ನು ನಮ್ಮ ರೂಢಿಯಂತೆ 04-06-2024 ಎಂದು ಬರೆದಿಟ್ಟಿದ್ದರೆ, ಸಾಲುಗಳನ್ನು ಕ್ರಮವಾಗಿ ಜೋಡಿಸುವಾಗ ಜುಲೈ 3 ಜೂನ್ 4ಕ್ಕಿಂತ ಮುಂದೆ ಬಂದು ಕೂರುತ್ತದೆ! ಯಂತ್ರ ಎಡಗಡೆಯ ಅಂಕಿಯನ್ನೇ ಮೊದಲು ನೋಡುತ್ತದೆಯಲ್ಲವೆ? 2024-06-04 ಎಂದು ವರ್ಷ ಮೊದಲು ಬರೆದರೆ ತಾನಾಗಿಯೇ ಸರಿಹೋಗುತ್ತದೆ. ಇನ್ನೊಂದು ತಮಾಷೆ: ‘ಕನ್ನಡ’ ಎಂಬ ಪದದ ಉದ್ದವೆಷ್ಟು? ಮೂರು ಅಕ್ಷರ ಎನ್ನುತ್ತೀರಿ. ಪಿಎಚ್‌ಪಿಯ ಮಾಮೂಲಿ ಅಳತೆಗೋಲು 15 ಎನ್ನುತ್ತದೆ. ಯೂನಿಕೋಡಿನಲ್ಲಿ ಆ ಪದ ಕ, ನ, ಹಲಂತದ ಗುರುತು, ನ, ಡ ಎಂದು ಐದು ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್. ಇದು ತಿಳಿಯದೆ ಉದ್ದನೆಯ ಶೀರ್ಷಿಕೆಯನ್ನು ಕತ್ತರಿಸಿದರೆ ಕೊನೆಯ ಅಕ್ಷರ ಮುರಿದು ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಪಾಠ ಎಚ್ಚರಿಕೆಯದು. ಓದುಗರು ಬರೆದದ್ದನ್ನು ಬರೀ ಬರಹವೆಂದು ತಿಳಿಯಬೇಕಾದ ಯಂತ್ರ, ಸ್ವಲ್ಪ ಮೈಮರೆತರೆ ಅದನ್ನೇ ಆಜ್ಞೆಯೆಂದು ಪಾಲಿಸಿಬಿಡುತ್ತದೆ. ಪುಂಡನೊಬ್ಬ ‘ರಿಜಿಸ್ಟರನ್ನು ಅಳಿಸು’ ಎಂದು ಅದರ ಭಾಷೆಯಲ್ಲೇ ಬರೆದರೆ ಗತಿಯೇನು? ಅಷ್ಟು ಜನ ಸೇರಿ ತಿದ್ದಿದ ಡ್ರೂಪಲ್‌ನಲ್ಲೇ 2014ರ ಅಕ್ಟೋಬರಿನಲ್ಲಿ ಇಂಥ ಬಿರುಕೊಂದು ಕಾಣಿಸಿತು. ಸುದ್ದಿ ಪ್ರಕಟವಾದ ಏಳು ಗಂಟೆಯೊಳಗೆ ದುರಸ್ತಿ ಮಾಡಿಕೊಳ್ಳದ ತಾಣಗಳಿಗೆ ಕನ್ನ ಬಿದ್ದಿದೆಯೆಂದೇ ಭಾವಿಸಿ ಎಂದು ಅದರ ತಂಡವೇ ಎಚ್ಚರಿಸಿತು. ಆದ್ದರಿಂದ ಮನೆಯಲ್ಲಿ ಕಟ್ಟಿದ್ದನ್ನು ಮೊದಲು ಮನೆಯೊಳಗೇ ಓಡಿಸಿ. ಗುಪ್ತಪದವನ್ನು ಇದ್ದಂತೆಯೇ ಬರೆದಿಡಬೇಡಿ. ಮೂಲವನ್ನು ಮರಳಿ ಪಡೆಯಲಾಗದಂತೆ ರೂಪಾಂತರಿಸುವ ಏರ್ಪಾಡು ಪಿಎಚ್‌ಪಿಯಲ್ಲೇ ಇದೆ. ವಾರಕ್ಕೊಮ್ಮೆ ರಿಜಿಸ್ಟರಿನ ಪ್ರತಿ ತೆಗೆದಿಡಿ.

ಸಿದ್ಧವಾದದ್ದು ಪುಕ್ಕಟೆ ಸಿಗುವಾಗ ಈ ಕಸರತ್ತು ಏಕೆ ಎಂದು ತಂದೆತಾಯಿಗಳು ಕೇಳಿದರೆ ತಪ್ಪಿಲ್ಲ. ಸಂಘಸಂಸ್ಥೆಯ ತಾಣ ನಡೆಸಬೇಕಾದವರು ಖಂಡಿತ ಸಿದ್ಧವಾದದ್ದನ್ನೇ ಬಳಸಲಿ. ಆದರೆ ಕಲಿಯುವ ಹುಡುಗ ಹುಡುಗಿಯರ ಲೆಕ್ಕ ಬೇರೆ. ಅಂಗಡಿಯಲ್ಲಿ ಕ್ಯಾಮೆರಾ ಸಿಗುತ್ತದೆಂದು ರಟ್ಟಿನ ಪೆಟ್ಟಿಗೆಯಲ್ಲಿ ಸೂಜಿರಂಧ್ರದ ಕ್ಯಾಮೆರಾ ಮಾಡುವುದನ್ನು ಯಾರೂ ಬಿಡುವುದಿಲ್ಲ. ಬೆಳಕು ನೇರ ಸಾಗುತ್ತದೆಂಬುದು ಬಾಯಿಪಾಠವಾಗದೆ ಕಣ್ಣಿಗೆ ಕಾಣುವುದು ಅಲ್ಲಿಯೇ. ಹಾಗೆಯೇ ದಿನವೂ ಮೊಬೈಲಿನಲ್ಲಿ ನೋಡುವ ಪುಟಗಳ ಹಿಂದೆ ಒಂದು ರಿಜಿಸ್ಟರು, ಒಂದು ಅಚ್ಚು, ಒಂದು ಬೀಗವಿದೆ. ತಾವು ತುಂಬುವ ಹೆಸರು, ಜನ್ಮದಿನಾಂಕ ಎಲ್ಲೋ ಒಂದು ಸಾಲಾಗಿ ಕೂರುತ್ತದೆ ಎಂಬ ಅರಿವು ಇದನ್ನೊಮ್ಮೆ ಕಟ್ಟಿದವರಿಗೆ ಬರುತ್ತದೆ. ಬೀಗದ ಬಗ್ಗೆ ಕೇಳುವ ಅಭ್ಯಾಸವೂ ಬರುತ್ತದೆ. ಭಾನುವಾರಕ್ಕೊಂದು ಗಂಟೆ ಕೊಟ್ಟರೆ ಪರೀಕ್ಷೆಯ ಓದಿಗೇನೂ ಕುತ್ತಿಲ್ಲ.

ಎಂಟು ಮಂದಿಗೆಂದು ಬರೆದ ಡ್ರೂಪಲ್ 2009ರಲ್ಲಿ ಅಮೆರಿಕದ ಶ್ವೇತಭವನದ ತಾಣವನ್ನೂ ಏರಿ ಕೆಲವು ವರ್ಷ ಅಲ್ಲಿತ್ತು. 2012ರಲ್ಲಿ ಆರಂಭವಾದ ಭಾರತ ಸರ್ಕಾರದ ಮುಕ್ತ ದತ್ತಾಂಶ ತಾಣವನ್ನು ಕಟ್ಟಿದ್ದೂ ಅದರಿಂದಲೇ. ಎಲ್ಲರ ಕೆಲಸಕ್ಕೂ ಆ ಭಾಗ್ಯ ಬರಲಾರದು, ಬರಬೇಕಾಗಿಯೂ ಇಲ್ಲ. ನಿಮ್ಮ ಮಳೆಯ ಲೆಕ್ಕ ಊರಿನ ಎಂಟು ಮಂದಿ ರೈತರಿಗೆ ಉಪಯೋಗಕ್ಕೆ ಬಂದರೂ ಸಾಕು.