‘ಆಯಾಗೆ ಯಾಕೆ ತರಬೇತಿ?’ ಎಂದವರಿಗೆ

ಕಳೆದ ತಿಂಗಳು ಶಿಕಾರಿಪುರದಲ್ಲಿ ಹತ್ತು ಹನ್ನೆರಡು ಜನ ಕೂತು ಮಾತಾಡಿದೆವು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ನರ್ಸಿಂಗ್ ಹೋಂ ನಡೆಸುವವರು, ಇಬ್ಬರು ವೈದ್ಯರು, ಗುತ್ತಿಗೆ ಮೇಲೆ ಕೆಲಸದವರನ್ನು ಒದಗಿಸುವ ಒಬ್ಬರು, ನನ್ನ ಹಾಗೆ ನಿವೃತ್ತರಾದ ಕೆಲವು ನರ್ಸುಗಳು. ನಾನಿಟ್ಟ ಬೇಡಿಕೆ ಸಣ್ಣದು. ಆಯಾ, ವಾರ್ಡ್ ಬಾಯ್, ನರ್ಸಿಂಗ್ ಸಹಾಯಕಿ ಎಂದು ಕೆಲಸಕ್ಕೆ ಬರುವ ಪ್ರತಿಯೊಬ್ಬರಿಗೂ ರೋಗಿಯನ್ನು ಮುಟ್ಟುವ ಮೊದಲು ಮೂರು ದಿನ ತರಬೇತಿ ಕೊಡಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಸೂಜಿ ಚುಚ್ಚಿದರೆ ಏನು ಮಾಡಬೇಕು, ಯಾರಿಗೆ ಹೇಳಬೇಕು ಅನ್ನುವುದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಾಕಿ. ಇಷ್ಟೇ. ಒಪ್ಪಿಗೆ ಸಿಗಲಿಲ್ಲ, ಆಕ್ಷೇಪಗಳು ಬೇಕಾದಷ್ಟು ಸಿಕ್ಕವು. ಅಲ್ಲಿ ಉತ್ತರಿಸಲು ಹೊತ್ತು ಸಾಲಲಿಲ್ಲ. ಇಲ್ಲಿ ಉತ್ತರಿಸುತ್ತೇನೆ.

“ಇಂಜೆಕ್ಷನ್ ಕೊಡೋದು ನರ್ಸು, ಆಪರೇಷನ್ ಮಾಡೋದು ಡಾಕ್ಟ್ರು. ಆಯಾ ಗುಡಿಸಿ ಒರೆಸೋಳು. ಅವಳಿಗ್ಯಾಕೆ ಇದೆಲ್ಲ?” ಮೊದಲು ಬಂದ ಮಾತು ಇದು. ಹೇಳಿದವರು ಒಂದೇ ಒಂದು ಬೆಳಗ್ಗೆ ವಾರ್ಡಿನಲ್ಲಿ ಕೂತು ನೋಡಲಿ. ಆರು ಗಂಟೆಗೆ ಮೂರನೇ ಮಂಚದ ಬೆಡ್ ಪ್ಯಾನ್ ಚೆಲ್ಲುವವಳು ಆಯಾ. ನಾಲ್ಕನೇ ಮಂಚದ ಒದ್ದೆಯಾದ ಹಾಸು ಬದಲಿಸುವವಳು ಅವಳೇ. ಐದನೇ ಮಂಚದ ಅಜ್ಜಿಯನ್ನು ತೋಳು ಹಿಡಿದು ಶೌಚಕ್ಕೆ ಕರೆದೊಯ್ದು, ವಾಪಸು ತಂದು ಮಲಗಿಸಿ, ಆರನೇ ಮಂಚದ ಬಾಣಂತಿಗೆ ಲೋಟಕ್ಕೆ ಬಿಸಿನೀರು ಬಗ್ಗಿಸಿ ಕೊಡುವವಳೂ ಅವಳೇ. ರಕ್ತ ಮೆತ್ತಿದ ಹತ್ತಿ, ಬಳಸಿದ ಸೂಜಿ ಇರುವ ಟ್ರೇ ಎತ್ತುವುದೂ ಅದೇ ಕೈ. ಡಾಕ್ಟರು ಒಬ್ಬ ರೋಗಿಯ ಹತ್ತಿರ ನಿಲ್ಲುವುದು ಮೂರು ನಿಮಿಷ. ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ರೋಗ ಹೋಗಬೇಕೆಂದರೆ ಅದಕ್ಕೆ ಆಯಾಳ ಕೈಗಿಂತ ಹತ್ತಿರದ ದಾರಿ ಇಲ್ಲ. ದಿನವಿಡೀ ಎಲ್ಲರನ್ನೂ ಮುಟ್ಟುವ ಕೆಲಸವನ್ನು ಅವಳಿಗೆ ಒಪ್ಪಿಸಿ, ಮುಟ್ಟುವ ರೀತಿಯನ್ನು ಮಾತ್ರ ಕಲಿಸದೆ ಬಿಟ್ಟವರು ನಾವು.

ಸರಿ, ಗುಡಿಸಿ ಒರೆಸುವುದಷ್ಟೇ ಅವಳ ಕೆಲಸ ಎಂದೇ ಇಟ್ಟುಕೊಳ್ಳೋಣ. ಬ್ಲೀಚಿಂಗ್ ಪೌಡರ್ ಕಲಸಿದ ನೀರಿಗೆ ಕಕ್ಕಸು ತೊಳೆಯುವ ಆಸಿಡ್ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಎದೆ ಸುಡುತ್ತದೆ. “ಎರಡೂ ಹಾಕಿದರೆ ಇನ್ನೂ ಚೆನ್ನಾಗಿ ಸ್ವಚ್ಛ ಆಗುತ್ತೆ” ಎಂದು ನಂಬಿ ಹಾಗೆ ಮಾಡುವ ಹೆಂಗಸರನ್ನು ನಾನು ಬಹಳ ಕಂಡಿದ್ದೇನೆ. ನೆಲಕ್ಕೆ ರಕ್ತ ಚೆಲ್ಲಿದರೆ ಮಾಪ್ ಹಾಕಿ ಎಳೆಯುವುದಲ್ಲ. ಅದರ ಮೇಲೆ ಬಟ್ಟೆಯನ್ನೋ ಕಾಗದವನ್ನೋ ಹಾಸಿ, ಅವತ್ತೇ ತಯಾರಿಸಿದ 1 ಶೇಕಡ ಹೈಪೋಕ್ಲೋರೈಟ್ ದ್ರಾವಣ ಸುರಿದು, ಕನಿಷ್ಠ ಹತ್ತು ನಿಮಿಷ ಬಿಟ್ಟು, ಆಮೇಲೆ ಎತ್ತಬೇಕು. ನಿನ್ನೆಯ ದ್ರಾವಣಕ್ಕೆ ಇವತ್ತು ಕಸುವಿರುವುದಿಲ್ಲ. ಯಾರೂ ಹೇಳಿಕೊಡದೆ ಅವಳಿಗೆ ಇದು ತಿಳಿಯುವುದಾದರೂ ಹೇಗೆ?

“ನಲವತ್ತು ವರ್ಷದಿಂದ ಹೀಗೇ ನಡ್ಕೊಂಡು ಬಂದಿದೆ. ಏನಾಗಿದೆ?” ಏನೂ ಆಗಿಲ್ಲ ಎಂದು ಲೆಕ್ಕ ಇಟ್ಟವರು ಯಾರು? ಹೊಲಿಗೆ ಹಾಕಿಸಿಕೊಂಡ ಬಾಣಂತಿ ಮೂರನೇ ದಿನ ಊರಿಗೆ ಹೋಗುತ್ತಾಳೆ. ಏಳನೇ ದಿನ ಗಾಯ ಕೀವಾಗುತ್ತದೆ. ಮನೆಯಲ್ಲಿ “ನಂಜಾಯ್ತು, ಬದನೆಕಾಯಿ ತಿಂದಿದ್ದಾಳೆ” ಅನ್ನುತ್ತಾರೆ. ಜ್ವರ ಏರಿದರೆ ನೇರ ಶಿವಮೊಗ್ಗಕ್ಕೆ ಕರೆದೊಯ್ಯುತ್ತಾರೆ. ಹೆರಿಗೆಯಾದ ಆಸ್ಪತ್ರೆಗೆ ಆ ಸುದ್ದಿ ತಿರುಗಿ ಬರುವುದೇ ಇಲ್ಲ. ಹೆಪಟೈಟಿಸ್ ಬಿ ವೈರಾಣು ಮೈಗೆ ಹೊಕ್ಕ ಎರಡು ಮೂರು ತಿಂಗಳ ಮೇಲೆ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಸೂಜಿ ಚುಚ್ಚಿದ್ದು ಯಾರಿಗೂ ನೆನಪಿರುವುದಿಲ್ಲ.

ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲೂ ಹೀಗೇ ನಡೆದುಕೊಂಡು ಬಂದಿತ್ತು. ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯ ಅಲ್ಲಿ ಲೆಕ್ಕ ಇಟ್ಟ. ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದ ವಿಭಾಗದಲ್ಲಿ 1847ರ ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18 ತಾಯಂದಿರು ಸತ್ತಿದ್ದರು. ಶವ ಮುಟ್ಟಿದ ಕೈಯನ್ನು ಸುಣ್ಣದ ಕ್ಲೋರಿನ್ ನೀರಿನಲ್ಲಿ ತೊಳೆದೇ ಒಳಗೆ ಬರಬೇಕು ಎಂದು ಮೇ ತಿಂಗಳಲ್ಲಿ ಕಟ್ಟುನಿಟ್ಟು ಮಾಡಿದ. ಜೂನ್‌ನಲ್ಲಿ ಆ ಸಂಖ್ಯೆ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ರೋಗಾಣು ಎಂಬ ಮಾತನ್ನು ವೈದ್ಯಲೋಕ ಒಪ್ಪಿಕೊಳ್ಳುವ ಎಷ್ಟೋ ಮೊದಲಿನ ಮಾತಿದು. ಆಗಲೂ ದೊಡ್ಡ ವೈದ್ಯರಿಗೆ ಸಿಟ್ಟು ಬಂದಿತ್ತು.

ನನ್ನದೇ ಒಂದು ನೆನಪಿದೆ. ಕೆಲಸಕ್ಕೆ ಸೇರಿ ಎರಡನೇ ವರ್ಷ, ಹೆಸರು ಬೇಡದ ಒಂದು ಆಸ್ಪತ್ರೆ. ತುಂಬಿದ ಕಸದ ಬಕೆಟ್ಟನ್ನು ಕೈಯಿಂದ ಅದುಮುತ್ತಿದ್ದ ಆಯಾಗೆ ಸೂಜಿ ಚುಚ್ಚಿತು. ಅವಳು ಬೆರಳನ್ನು ಬಾಯಲ್ಲಿಟ್ಟು ಚೀಪಿ, ಸೆರಗಿಗೆ ಒರೆಸಿಕೊಂಡು ಮುಂದಿನ ಮಂಚಕ್ಕೆ ಹೋದಳು. ನಾನು ನೋಡಿದೆ, ಸುಮ್ಮನಿದ್ದೆ. ಅವತ್ತು ನನಗೂ ಗೊತ್ತಿರಲಿಲ್ಲ. ಚೀಪಬಾರದು, ಹಿಂಡಬಾರದು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು ತಕ್ಷಣ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಬಹಳ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಎಚ್‌ಐವಿ ಇರುವವರ ಸೂಜಿ ಚುಚ್ಚಿದರೆ ಸೋಂಕು ತಗಲುವುದು ಸಾವಿರಕ್ಕೆ ಸುಮಾರು ಮೂವರಿಗೆ. ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಲ್ಲಿ ನೂರಕ್ಕೆ ಆರರಿಂದ ಮೂವತ್ತು ಜನರಿಗೆ. ಮೂರು ಡೋಸ್ ಲಸಿಕೆಯಿಂದ ತಪ್ಪಿಸಬಹುದಾದದ್ದು ಇದು.

ಈಗ ಕೈಗವಸಿನ ಮಾತು. “ಗ್ಲೌಸ್ ಕೊಡ್ತೀವಲ್ಲ, ಇನ್ನೇನು ಬೇಕು?” ಎಂದವರು ಒಳ್ಳೆಯ ಮನಸ್ಸಿನವರು, ಖರ್ಚನ್ನೂ ಮಾಡುತ್ತಾರೆ. ಆದರೆ ನಾನು ಹೆಚ್ಚು ಹೆದರುವುದು ಈ ನಂಬಿಕೆಗೇ. ಬೆಳಗ್ಗೆ ಹಾಕಿದ ಕೈಗವಸನ್ನು ಹತ್ತು ಗಂಟೆಯವರೆಗೂ ತೆಗೆಯದ ಹುಡುಗಿಯೊಬ್ಬಳ ಹಿಂದೆ ಒಮ್ಮೆ ನಡೆದು ನೋಡಿದೆ. ಆ ಕೈ ಬೆಡ್ ಪ್ಯಾನ್ ಹಿಡಿಯಿತು, ನಲ್ಲಿ ತಿರುಗಿಸಿತು, ಬಾಗಿಲ ಹಿಡಿ ಎಳೆಯಿತು. ಜೇಬಿನಲ್ಲಿ ಮೊಬೈಲ್ ಬಡಿದುಕೊಂಡಾಗ ಅದನ್ನೂ ತೆಗೆಯಿತು. ಆಮೇಲೆ ಕುಡಿಯುವ ನೀರಿನ ಜಗ್ಗಿನ ಮುಚ್ಚಳ, ಕೊನೆಗೆ ಮಗುವಿನ ಕೆನ್ನೆ. ಅವಳ ಚರ್ಮ ಸ್ವಚ್ಛವಾಗಿಯೇ ಇತ್ತು. ಕೊಳೆ ಹೊತ್ತದ್ದು ಕೈಗವಸು. ಬರಿಗೈಯಾಗಿದ್ದರೆ ಅಸಹ್ಯವಾಗಿ ಒಮ್ಮೆಯಾದರೂ ತೊಳೆದುಕೊಂಡಿರುತ್ತಿದ್ದಳು.

ಒಬ್ಬ ರೋಗಿಗೆ ಒಂದು ಜೊತೆ. ಮಲಮೂತ್ರ ಮುಟ್ಟಿ ಅದೇ ರೋಗಿಯ ಗಾಯದ ಹತ್ತಿರ ಹೋಗುವುದಾದರೂ ಹೊಸ ಜೊತೆಯೇ. ತೆಗೆಯುವಾಗ ಮಣಿಕಟ್ಟಿನ ಹತ್ತಿರ ಹೊರಮೈಯನ್ನು ಚಿವುಟಿ ಹಿಡಿದು ಒಳಮಗ್ಗುಲು ಹೊರಗಾಗುವಂತೆ ಎಳೆಯಬೇಕು. ಎರಡನೆಯದಕ್ಕೆ ಬರಿಬೆರಳನ್ನು ಒಳಗೆ ತೂರಿಸಿ ಅದೇ ರೀತಿ ಮಗುಚಬೇಕು. ತೆಗೆದ ಮೇಲೆ ಕೈ ತೊಳೆಯಲೇಬೇಕು, ಏಕೆಂದರೆ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಒಳಗೆ ಬೆವರಿರುತ್ತದೆ. ಸೋಪು ನೀರಾದರೆ 40ರಿಂದ 60 ಸೆಕೆಂಡು. ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30. ಕೈಗೆ ಕೊಳೆ ಕಣ್ಣಿಗೆ ಕಾಣುವಷ್ಟು ಮೆತ್ತಿದ್ದರೆ ದ್ರಾವಣ ಸಾಲದು, ಸೋಪೇ ಆಗಬೇಕು. ಡಬ್ಬಿಗಟ್ಟಲೆ ಕೈಗವಸು ಕೊಟ್ಟು ಇದನ್ನು ಹೇಳಿಕೊಡದಿದ್ದರೆ ಕೊಟ್ಟದ್ದೂ ದಂಡ.

ವೈದ್ಯರೊಬ್ಬರು ಎತ್ತಿದ ಆಕ್ಷೇಪಕ್ಕೆ ತೂಕವಿತ್ತು. “ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡೋದಿಲ್ಲ. ಅದರ ಹೆಸರು ಹೇಳಿ ಆಯಾಗಳನ್ನ ಹೆದರಿಸಬೇಡಿ. ಆಮೇಲೆ ಜ್ವರದವರನ್ನ ಮುಟ್ಟೋದೇ ಬಿಡ್ತಾರೆ.” ಅವರ ಮಾತಿನ ಮೊದಲರ್ಧ ಪೂರ್ತಿ ನಿಜ. ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಜನ ಜ್ವರಕ್ಕೆ ಮಲಗಿದಾಗ ಪತ್ತೆಯಾದ ಈ ಕಾಯಿಲೆ ಇವತ್ತು ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಆ ಕಾಡಿನ ಹೆಸರಿನಲ್ಲೇ ಇದೆ. ಹರಡುವುದು ಉಣುಗಿನಿಂದ. ರೋಗಿಯ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದರೆ ಯಾರಿಗೂ ಬರುವುದಿಲ್ಲ. ಇದನ್ನು ತರಬೇತಿಯ ಮೊದಲ ಗಂಟೆಯಲ್ಲೇ ಹೇಳಬೇಕು, ಸುಳ್ಳು ಹೆದರಿಕೆಯಿಂದ ರೋಗಿ ಅನಾಥನಾಗಬಾರದು.

ಆದರೆ ಜ್ವರದ ಮೊದಲ ದಿನಗಳಲ್ಲಿ ರೋಗಿಯ ರಕ್ತದಲ್ಲಿ ಆ ವೈರಾಣು ಇರುತ್ತದೆ. ಈ ವೈರಾಣುವಿನೊಡನೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ಸಿಬ್ಬಂದಿಗೆ ಸೋಂಕು ತಗಲಿದ ಉದಾಹರಣೆಗಳಿವೆ. ಕೆಲವರಿಗೆ ಒಸಡು, ಮೂಗಿನಿಂದ ರಕ್ತ ಬರುತ್ತದೆ. ಸೊಪ್ಪು, ದರಗು ತರಲು ಕಾಡಿಗೆ ಹೋದವನು ಅದೇ ಬಟ್ಟೆಯಲ್ಲಿ ಬಂದು ಮಲಗಿದರೆ ಪಂಚೆಯ ಮಡಿಕೆಯಲ್ಲಿ ಉಣುಗೂ ಬಂದಿರಬಹುದು. ಅದನ್ನು ಕೊಡವಿ ಮೂಲೆಗೆ ಎಸೆಯುವವಳು ಯಾರು? ಮೇಲಾಗಿ ಜನವರಿ ತಿಂಗಳಲ್ಲಿ ಜ್ವರವೆಂದು ಬರುವವನ ಹಣೆಯ ಮೇಲೆ ಕಾಯಿಲೆಯ ಹೆಸರು ಬರೆದಿರುವುದಿಲ್ಲ. ಕೇರಳದ ಪೆರಾಂಬ್ರಾ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ 2018ರ ಮೇ ತಿಂಗಳಲ್ಲಿ ಜ್ವರದ ರೋಗಿಯೊಬ್ಬರ ಆರೈಕೆ ಮಾಡುವಾಗ ಅದು ನಿಪಾ ವೈರಾಣುವಿನ ಜ್ವರ ಎಂದು ಯಾರಿಗೂ ಗೊತ್ತಿರಲಿಲ್ಲ. ಅದೇ ಸೋಂಕು ತಗಲಿ ಲಿನಿ ಉಳಿಯಲಿಲ್ಲ. ಅದೂ ನಮ್ಮಂಥದ್ದೇ ತಾಲ್ಲೂಕು ಆಸ್ಪತ್ರೆ. ಹಾಗಾಗಿ ಕಾಯಿಲೆ ಯಾವುದೇ ಇರಲಿ, ಯಾರ ರಕ್ತವನ್ನೂ ಬರಿಗೈಯಲ್ಲಿ ಮುಟ್ಟಬಾರದು, ಎಲ್ಲರಿಗೂ ಒಂದೇ ಎಚ್ಚರ. ಹಾಗೆ ಕಲಿತವಳು ಜ್ವರದವರನ್ನು ಬಿಟ್ಟು ಓಡುವುದಿಲ್ಲ. ಓಡುವವಳು ಏನೂ ಗೊತ್ತಿಲ್ಲದವಳು.

“ದುಡ್ಡೆಲ್ಲಿಂದ ತರೋದು? ಇದೇನು ಬೆಂಗಳೂರಿನ ದೊಡ್ಡಾಸ್ಪತ್ರೆಯಾ?” ಎಂದವರಿಗೆ ಉದ್ದದ ಉತ್ತರ ಬೇಡ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ, ಆ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಕೆಲಸಕ್ಕೆ ಸೇರುವಾಗ, ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕು, ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು. ಗುತ್ತಿಗೆಯವರು ಎಂದು ಬಿಡುವ ಹಾಗಿಲ್ಲ. ಹಳದಿ, ಕೆಂಪು, ನೀಲಿ ಡಬ್ಬಿಗಳನ್ನೂ ಸೂಜಿಗೆ ತೂತಾಗದ ಬಿಳಿ ಡಬ್ಬಿಯನ್ನೂ ತಂದು ಸಾಲಾಗಿ ಇಟ್ಟಿದ್ದೀರಿ. ಯಾವುದಕ್ಕೆ ಏನು ಹಾಕಬೇಕೆಂದು ಹಾಕುವವಳಿಗೇ ಹೇಳಿಲ್ಲ.

ಬೆಂಗಳೂರಿನ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇನೆ. ಶಿಕಾರಿಪುರದಿಂದ ಸ್ವಲ್ಪ ದೂರದ ಬಳ್ಳಿಗಾವಿಯಲ್ಲಿ 1162ರ ಶಾಸನವೊಂದಿದೆ. ಅಲ್ಲಿನ ಕೋಡಿಯ ಮಠದಲ್ಲಿ ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ಸಿಗುತ್ತಿತ್ತು, ಅನಾಥ ರೋಗಿಗಳಿಗೆ ಔಷಧೋಪಚಾರ ನಡೆಯುತ್ತಿತ್ತು ಎಂದು ಅದು ಹೇಳುತ್ತದೆ. ಎಂಟೂವರೆ ಶತಮಾನದ ಹಿಂದೆ ಬಡರೋಗಿಗೆ ಜಾಗ ಮಾಡಿಕೊಟ್ಟ ನೆಲ ಇದು. ಇದೇ ನೆಲದ ಬಡವನಿಗೆ ತೊಳೆಯದ ಕೈ ಸಾಕು ಎಂಬ ಮಾತನ್ನು ನಾನು ಒಪ್ಪಲಾರೆ.

ಕೊನೆಗೆ ಗುತ್ತಿಗೆದಾರರು ಹೇಳಿದರು: “ಏಳನೇ ಕ್ಲಾಸೂ ಓದಿರಲ್ಲ ಮೇಡಂ. ನೀವು ಹೇಳೋದು ಅವ್ರ ತಲೆಗೆ ಹೋಗಲ್ಲ.” ಆ ಸಭೆ ಮುಗಿದ ಎರಡು ವಾರಕ್ಕೆ, ಸೊರಬದಲ್ಲಿ ನನ್ನ ಪರಿಚಯದವರ ಮನೆ ಜಗುಲಿಯಲ್ಲಿ ಒಂಬತ್ತು ಹೆಂಗಸರನ್ನು ಕೂರಿಸಿಕೊಂಡೆ. ಎಲ್ಲರೂ ಆಸ್ಪತ್ರೆಗಳಲ್ಲಿ ದುಡಿಯುವವರು. ಎಣ್ಣೆಯಲ್ಲಿ ಅರಿಶಿನ ಕಲಸಿ ಎಲ್ಲರ ಕೈಗೂ ಮುಂದೆ ಹಿಂದೆ ಹಚ್ಚಿದೆ. ಕಣ್ಣು ಮುಚ್ಚಿ, ದಿನಾ ತೊಳೆಯುವ ಹಾಗೇ ಸೋಪು ಹಾಕಿ ತೊಳೆಯಿರಿ ಅಂದೆ. ಕಣ್ಣು ಬಿಟ್ಟಾಗ ಅಂಗೈ ಬೆಳ್ಳಗಿತ್ತು. ಹೆಬ್ಬೆರಳಿನ ಬುಡ, ಬೆರಳಿನ ಸಂದು, ಉಗುರಿನ ಸುತ್ತ ಎಲ್ಲರದ್ದೂ ಹಳದಿ. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ, ಅಕ್ಷರ ಬಾರದ ಐವತ್ತರ ಹೆಂಗಸೊಬ್ಬಳು ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ ಮಣಿಕಟ್ಟು ತೋರಿಸಿದಳು. ಬಳೆ ಕೂತಿದ್ದ ಜಾಗದಲ್ಲಿ ಸುತ್ತಲೂ ಹಳದಿ ಪಟ್ಟಿ. “ಇದರಡಿಗೆ ನೀರೇ ಹೋಗಿಲ್ಲ ಅಕ್ಕಾ” ಅಂದಳು. ಬಳೆಯ ವಿಷಯ ಹೇಗೆ ಎತ್ತುವುದು, ಮುತ್ತೈದೆಯರು ಏನಂದುಕೊಳ್ಳುತ್ತಾರೋ ಎಂದು ನಾನು ಹಿಂದಿನ ರಾತ್ರಿಯೆಲ್ಲ ಅಳುಕಿದ್ದೆ. ಅವಳು ಅಲ್ಲೇ ಬಳೆ ಕಳಚಿ, ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಡ್ಯೂಟಿ ಮುಗಿದ ಮೇಲೆ ಹಾಕಿಕೊಂಡರಾಯಿತು ಎಂದು ಉಳಿದವರಿಗೆ ಹೇಳಿ, ಮತ್ತೆ ನಲ್ಲಿಯ ಹತ್ತಿರ ಹೋದಳು.